ಯಾವ ರೀಲ್ ತಗೊಳ್ಳಲಿ ಅಂತ ಕೇಳಿದೋರಿಗೆಲ್ಲ

1/9
ಫೋಟೋ ನೋಡಿ ಬೈಬೇಡಿ. ಮೀನಿಲ್ಲ. ಇರೋದು ತುಂಡಾದ ದಾರದ ತುದಿ, ಅಷ್ಟೇ. ಈ ಸಲ ಇದರದ್ದೇ ಕಥೆ. ಕಥೆಗಿಂತ ಜಾಸ್ತಿ ಜಗಳ ಅನ್ನಿ.

ಹೋದ ವಾರ ಸ್ಟೀಲ್‌ಹೆಡ್ ಹಿಡಿದ ಫೋಟೋ ಹಾಕಿದ್ದೇ ತಡ, ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ. "ಯಾವ ರೀಲ್ ತಗೊಳ್ಳಲಿ ಮಾರಾಯ?" ನಮ್ಮ ಬ್ಯಾಚಿನವರೇ ನಾಲ್ಕು ಜನ ಈಗ ಕ್ಲೀವ್‌ಲ್ಯಾಂಡ್, ಬಫಲೋ, ಟೊರೊಂಟೊ ಅಂತ ಈ ದೊಡ್ಡ ಸರೋವರಗಳ ದಂಡೆ ಮೇಲೇ ಓದ್ತಾ ಇದ್ದೀರಿ. ಕೇಳೋದು ಸರಿ. ಆದ್ರೆ ಕೇಳೋ ರೀತಿ ನೋಡಿ: ಒಂದು ಲಿಂಕ್, ಅದರ ಕೆಳಗೆ "13 ಬೇರಿಂಗ್ ಇದೆ, 30 ಪೌಂಡ್ ಡ್ರ್ಯಾಗ್ ಇದೆ, ಆಫರ್‌ನಲ್ಲಿದೆ, ಒತ್ತಿಬಿಡ್ಲಾ?"

ಒತ್ತಬೇಡಿ.

ಆ ಎರಡೂ ಅಂಕಿ ನಂಬಿ ಒತ್ತಿದವನು ನಾನೇ. ಹಾಗೆ ಒತ್ತಿದ್ದಕ್ಕೆ ಏನಾಯ್ತು ಅಂತ ಹೇಳ್ತೀನಿ, ಆಮೇಲೆ ನಿಮ್ಮಿಷ್ಟ. ಬ್ರ್ಯಾಂಡ್ ಹೆಸರು ಹೇಳಲ್ಲ. ಯಾಕೆ ಹೇಳಲ್ಲ ಅನ್ನೋದೂ ಕೊನೆ ಹೊತ್ತಿಗೆ ಅರ್ಥ ಆಗುತ್ತೆ.

2/9
ಗೊತ್ತಿಲ್ಲದೋರಿಗೆ ಎರಡು ಮಾತು. ಸ್ಟೀಲ್‌ಹೆಡ್ ಅಂದ್ರೆ ಬೇರೆ ಜಾತಿ ಅಲ್ಲ, ರೇನ್‌ಬೋ ಟ್ರೌಟೇ. ನಮ್ಮ ಪಕ್ಕದ ನೀಲಗಿರಿಯ ಹೊಳೆಗಳಿಗೆ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟರಲ್ಲ, ಅದೇ ಮೀನು. ಹೊಳೆಯಲ್ಲೇ ಉಳಿದ್ರೆ ರೇನ್‌ಬೋ. ಸಮುದ್ರಕ್ಕೋ ದೊಡ್ಡ ಸರೋವರಕ್ಕೋ ಹೋಗಿ, ಕೊಬ್ಬಿ, ಮೊಟ್ಟೆ ಇಡೋಕೆ ಹೊಳೆಗೆ ವಾಪಸ್ ಬಂದ್ರೆ ಸ್ಟೀಲ್‌ಹೆಡ್. ಮೂಲ ಊರು ಅಮೆರಿಕದ ಪಶ್ಚಿಮ ಕರಾವಳಿ. ಈ ಸರೋವರಗಳಿಗೆ 19ನೇ ಶತಮಾನದ ಕೊನೆ ಭಾಗದಲ್ಲಿ ತಂದು ಬಿಟ್ಟರು. ನಾನಿರೋ ಒಹಾಯೋದಲ್ಲಿ ಸರ್ಕಾರವೇ ಮರಿ ಸಾಕಿ ರಾಕಿ, ಶಾಗ್ರಿನ್, ಗ್ರ್ಯಾಂಡ್ ಥರದ ಹೊಳೆಗಳಿಗೆ ಬಿಡುತ್ತೆ. ಅವು ಎರೀ ಸರೋವರಕ್ಕೆ ಇಳಿದು, ಬೆಳೆದು, ಚಳಿಗಾಲದ ಹೊತ್ತಿಗೆ ಮೇಲಕ್ಕೆ ಬರ್ತವೆ. ಸಾಮಾನ್ಯವಾಗಿ ಎರಡು ಅಡಿ ಉದ್ದ, ಎರಡೂವರೆ ಕೆಜಿ ಆಸುಪಾಸು.

ಹಿಡಿಯೋದು ಬೆಂಡು ಕಟ್ಟಿ. ಹೌದು, ಬೆಂಡೇ! ತುಂಗೆಯಲ್ಲಿ ಬಿದಿರು ಕೋಲು, ಎರೆಹುಳು, ನವಿಲುಗರಿ ದಂಟಿನ ಬೆಂಡು ಹಿಡ್ಕೊಂಡು ಕೂತಿದ್ದ ನಮಗೆ ಇದೇನೂ ಹೊಸ ವಿದ್ಯೆ ಅಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ಬೆಂಡು ಒಂದೇ ಕಡೆ ಕೂತಿರುತ್ತೆ, ಇಲ್ಲಿ ಹರಿಯೋ ನೀರಿನ ಜೊತೆ ಬೆಂಡೂ ಹೋಗ್ತಾ ಇರ್ಬೇಕು, ಕೊಕ್ಕೆ ತಳಕ್ಕಿಂತ ಸ್ವಲ್ಪ ಮೇಲೆ ತೇಲ್ತಾ ಇರ್ಬೇಕು, ದಾರ ಬೆಂಡನ್ನ ಎಳೀಬಾರ್ದು. ಅದಕ್ಕೇ 11, 13 ಅಡಿಯ ಕೋಲು. ನೀರು ತಿಳಿಯಾಗಿದ್ರೆ ಮೀನಿಗೆ ದಾರ ಕಾಣ್ಸುತ್ತೆ, ಹಾಗಾಗಿ ಕೊಕ್ಕೆ ಕಟ್ಟೋ ತುದಿ ದಾರ, ಅಂದ್ರೆ ಲೀಡರ್, ಬರೀ 6 ಪೌಂಡ್‌ದು, ಕೆಲವು ಸಲ 4.

ಎರಡೂವರೆ ಕೆಜಿ ಮೀನು, ಹರಿಯೋ ನೀರು, ಕೂದಲಿನಂಥ ದಾರ. ಈ ಮೂರನ್ನ ನೆನಪಲ್ಲಿಟ್ಕೊಳ್ಳಿ.

3/9
ಹೋದ ನವೆಂಬರ್, ರಾಕಿ ನದಿ. ಬೆಳಿಗ್ಗೆ ಕೈ ಮರಗಟ್ಟೋ ಚಳಿ. ನನ್ನ ಕೈಯಲ್ಲಿ ಹೊಸ ರೀಲ್, ಡಬ್ಬದ ಮೇಲೆ ದೊಡ್ಡ ದೊಡ್ಡ ಅಂಕಿ. ಮನೆಯಲ್ಲಿ ಕೂತು ಹ್ಯಾಂಡಲ್ ತಿರುಗಿಸಿದ್ರೆ ಬೆಣ್ಣೆ. ರೂಮ್‌ಮೇಟ್‌ಗೂ ತಿರುಗಿಸಿ ತೋರಿಸಿದ್ದೆ, ಅಷ್ಟು ಹೆಮ್ಮೆ.

ಬೆಂಡು ಮುಳುಗ್ತು. ಕೋಲು ಎತ್ತಿದೆ. ಮೀನು ಒಂದು ಸಲ ತಲೆ ಒದರಿ, ಕೆಳಗಡೆ ಓಡ್ತು. ರೀಲಿಂದ ದಾರ ಬಿಟ್ಕೊಳ್ಬೇಕಿತ್ತು. ಬಿಡ್ಲಿಲ್ಲ. ಅರ್ಧ ಸೆಕೆಂಡ್ ಗಪ್ಪನೆ ಹಿಡ್ಕೊಳ್ತು, ಆಮೇಲೆ ಬಿಡೋಕೆ ಶುರು ಮಾಡ್ತು. ಅಷ್ಟರಲ್ಲಿ ಠಪ್.

ನನ್ನ ಇನ್ನೊಂದು ದಡ್ಡತನ ಕೇಳಿ. ಲೀಡರ್ ಯಾವಾಗ್ಲೂ ಮುಖ್ಯ ದಾರಕ್ಕಿಂತ ಬಲ ಕಮ್ಮಿದು ಇರ್ಬೇಕು, ಆಗ ಹರಿದ್ರೂ ಬೆಂಡಿನ ಕೆಳಗೆ ಹರಿಯುತ್ತೆ. ನಾನು ಎರಡೂ ಒಂದೇ ಬಲದ್ದು ಕಟ್ಟಿದ್ದೆ. ಹಂಗಾಗಿ ಹರಿದಿದ್ದು ಬೆಂಡಿನ ಮೇಲೆ. ಮೀನು ಬೆಂಡನ್ನೂ ಎಳ್ಕೊಂಡು ಹೋಯ್ತು.

ಕಿತ್ತಳೆ ಬಣ್ಣದ ಬೆಂಡು. ಮೇಲೆ ಬರುತ್ತೆ, ಮುಳುಗುತ್ತೆ, ಇನ್ನೊಂದು ದಡದ ಹತ್ರ ಮತ್ತೆ ಮೇಲೆ ಬರುತ್ತೆ. ಸುಮಾರು ಹೊತ್ತು ನಿಂತು ನೋಡ್ದೆ. ಆ ಮೀನು ಬಾಯಲ್ಲಿ ಕೊಕ್ಕೆ, ಹಿಂದೆ ಸೀಸದ ಗುಂಡು, ಬೆಂಡು, ಅಷ್ಟುದ್ದ ದಾರ ಎಲ್ಲ ಹೊತ್ಕೊಂಡು ತಿರುಗ್ತಾ ಇತ್ತು. ಮುಳುಗಿದ ಯಾವ್ದೋ ಮರಕ್ಕೆ ಸಿಕ್ಕಿಹಾಕ್ಕೊಂಡ್ರೆ ಮುಗೀತು.

"ಬಿಡೋ, ಮೀನು ತಪ್ಪಿಸ್ಕೊಳ್ತು ಅಷ್ಟೇ" ಅಂದ ಜೊತೆಗಿದ್ದವನು. ತಪ್ಪಿಸ್ಕೊಳ್ಳಲಿಲ್ಲ ಕಣೋ. ನಾನು ಕಟ್ಟಿ ಕಳಿಸಿದ್ದು ಅದನ್ನ.

4/9
ಈಗ ಜಗಳಕ್ಕೆ ಬರೋಣ. ಡಬ್ಬದ ಮೇಲೆ "ಗರಿಷ್ಠ ಡ್ರ್ಯಾಗ್ 30 ಪೌಂಡ್" ಅಂತ ಬರೀತಾರೆ. ಯಾರಿಗೆ ಬೇಕು ಅದು? 6 ಪೌಂಡ್‌ಗೆ ಹರಿಯೋ ದಾರ ಕಟ್ಟಿರೋನು 30 ಪೌಂಡ್ ಡ್ರ್ಯಾಗ್ ಇಟ್ಕೊಂಡು ಏನು ಮಾಡ್ತಾನೆ? ಡ್ರ್ಯಾಗ್ ಅಂದ್ರೆ ರೀಲಿನ ಬ್ರೇಕು. ಮೀನು ಇಷ್ಟಕ್ಕಿಂತ ಜೋರಾಗಿ ಎಳೆದ್ರೆ ದಾರ ಬಿಟ್ಟುಬಿಡು ಅಂತ ನಾವು ಮೊದ್ಲೇ ಹೇಳಿಡೋದು. ಸಾಮಾನ್ಯವಾಗಿ ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡ್ತಾರೆ. 6 ಪೌಂಡ್ ಲೀಡರ್‌ಗೆ ಲೆಕ್ಕ ಹಾಕಿ: ಒಂದೂವರೆಯಿಂದ ಎರಡು ಪೌಂಡ್. ನಮ್ಮ ಲೆಕ್ಕದಲ್ಲಿ 700ರಿಂದ 900 ಗ್ರಾಂ. ಒಂದು ಲೀಟರ್ ನೀರಿನ ಬಾಟಲಿಗಿಂತ ಕಮ್ಮಿ!

ಅಂದ್ರೆ ನಿಮ್ಮ ರೀಲು ಜೀವಮಾನ ಪೂರ್ತಿ ಒಂದು ಕೆಜಿ ಒಳಗೇ ಕೆಲ್ಸ ಮಾಡುತ್ತೆ. ಆ ಒಂದು ಕೆಜಿ ಒಳಗೆ ಅದು ಹೇಗೆ ನಡ್ಕೊಳ್ಳುತ್ತೆ ಅನ್ನೋದನ್ನ ಯಾವ ಡಬ್ಬದ ಮೇಲೂ ಬರೆಯಲ್ಲ.

ಮೆಕ್ಯಾನಿಕಲ್‌ನವ್ರೇ, ಸ್ವಲ್ಪ ಹಿಂದಕ್ಕೆ ಹೋಗಿ. ಸ್ಟ್ಯಾಟಿಕ್ ಫ್ರಿಕ್ಷನ್, ಕೈನೆಟಿಕ್ ಫ್ರಿಕ್ಷನ್ ಅಂತ ಪಿಯುಸಿಯಲ್ಲಿ ಓದಿ ಪರೀಕ್ಷೆ ಮುಗಿದ ಸಂಜೆನೇ ಮರೆತ್ವಲ್ಲ, ಅದೇ. ನಿಂತ ವಸ್ತು ಅಲುಗಾಡೋಕೆ ಬೇಕಾದ ಬಲ ಜಾಸ್ತಿ, ಅಲುಗಾಡಿದ ಮೇಲೆ ಕಮ್ಮಿ. ಡ್ರ್ಯಾಗ್ ಒಳಗಿರೋದು ಒಂದರ ಮೇಲೊಂದು ಕೂತ ವಾಷರ್‌ಗಳು: ಎಣ್ಣೆ ಕುಡಿದ ಫೆಲ್ಟ್ ಇರ್ಬಹುದು, ಕಾರ್ಬನ್ ಇರ್ಬಹುದು. ನಿಂತಾಗ ಇರೋ ಹಿಡಿತಕ್ಕೂ ಓಡುವಾಗ ಇರೋ ಹಿಡಿತಕ್ಕೂ ವ್ಯತ್ಯಾಸ ಜಾಸ್ತಿ ಆದಷ್ಟೂ ಆ ಮೊದಲ ಗಪ್ಪನೆಯ ಜಗ್ಗು ಜಾಸ್ತಿ. ನಾನು ಎರಡು ಪೌಂಡ್‌ಗೆ ಇಟ್ಟಿದ್ದೀನಿ ಅಂದ್ಕೊಂಡಿದ್ದೆ. ಅಲುಗಾಡೋಕೆ ಮಾತ್ರ ಅದು ಅದಕ್ಕಿಂತ ತುಂಬಾ ಜಾಸ್ತಿ ಕೇಳ್ತಾ ಇತ್ತು.

ಸ್ಪಿನ್ನಿಂಗ್ ರೀಲ್ ಆರಿಸೋದು ಅಂದ್ರೆ ಆ ಮೊದಲ ಅರ್ಧ ಸೆಕೆಂಡ್ ಆರಿಸೋದು. ಬಾಕಿದ್ದೆಲ್ಲ ಆಮೇಲೆ.

5/9
ಇನ್ನೊಂದು ಲೆಕ್ಕ, ಇದು ನನಗೆ ಭಾರೀ ಇಷ್ಟ. ಡ್ರ್ಯಾಗ್ ಹಿಡಿಯೋದು ಸ್ಪೂಲಿನ ತಿರುಗನ್ನ, ದಾರವನ್ನಲ್ಲ. ತಿರುಗಿಸೋಕೆ ಬೇಕಾದ ಟಾರ್ಕ್ ಅಷ್ಟೇ ಇದ್ದು ಸ್ಪೂಲಿನ ಮೇಲಿನ ದಾರ ಕಮ್ಮಿ ಆಗ್ತಾ ಹೋದ್ರೆ ತ್ರಿಜ್ಯ ಕಮ್ಮಿ, ಎಳೆತ ಜಾಸ್ತಿ. ದಾರ ತುಂಬಿದಾಗ 46 ಮಿ.ಮೀ. ವ್ಯಾಸ ಇದ್ದ ಸ್ಪೂಲು, ಮೀನು ದೂರ ಓಡಿ 36ಕ್ಕೆ ಇಳೀತು ಅನ್ಕೊಳ್ಳಿ. 46 ಭಾಗಿಸು 36. ನೀವು ಡ್ರ್ಯಾಗ್ ಮುಟ್ಟೇ ಇಲ್ಲ, ಆದ್ರೂ ಎಳೆತ ಶೇ. 28ರಷ್ಟು ಏರಿದೆ! ಮೀನು ದೂರ ಹೋದಷ್ಟೂ ಬ್ರೇಕು ಬಿಗಿ. ಜೊತೆಗೆ ಬಾಗಿದ ಕೋಲಿನ ಉಂಗುರಗಳಿಗೆ ದಾರ ಉಜ್ಜೋದು ಬೇರೆ.

ಅದಕ್ಕೇ ಆಳವಾದ, ಸಣ್ಣ ವ್ಯಾಸದ ಸ್ಪೂಲು ಈ ಕೆಲ್ಸಕ್ಕೆ ಬೇಡ. ಅಗಲ ಬಾಯಿಯ, ಆಳ ಕಮ್ಮಿ ಇರೋದು ತಗೊಳ್ಳಿ, ಅಂಚಿಗೆ ಒಂದೆರಡು ಮಿ.ಮೀ. ಬಿಟ್ಟು ಪೂರ್ತಿ ತುಂಬಿಸಿ. ಅರ್ಧ ತುಂಬಿದ ಸ್ಪೂಲಿಂದ ಬೆಂಡು ದೂರಾನೂ ಹೋಗಲ್ಲ.

ಸೈಜು? ಬಹಳ ಜನ 2500ರಿಂದ 4000ದ ಒಳಗೆ ಬಳಸ್ತಾರೆ, ನಂದು 3000. ಆದ್ರೆ ಈ ಅಂಕಿಗೆ ಐಎಸ್ಐ ಮಾರ್ಕ್ ಇಲ್ಲ ಕಣ್ರಪ್ಪಾ. ಒಂದು ಕಂಪನಿಯ 3000 ಇನ್ನೊಂದರ 3000 ಅಲ್ಲ. 8 ಪೌಂಡ್ ದಾರ ಎಷ್ಟು ಗಜ ಹಿಡಿಸುತ್ತೆ, ಒಂದು ಸುತ್ತಿಗೆ ಎಷ್ಟು ದಾರ ಸುತ್ತುತ್ತೆ ಅಂತ ನೋಡಿ. ಆ ಎರಡು ಅಂಕಿ ಉಪಯೋಗಕ್ಕೆ ಬರ್ತವೆ. ನಮ್ಮ 46 ಮಿ.ಮೀ. ಸ್ಪೂಲಿಗೆ 6:1 ಗೇರ್ ಅಂದ್ರೆ ಒಂದು ಸುತ್ತಿಗೆ ಹತ್ರ ಹತ್ರ 87 ಸೆಂ.ಮೀ. ಮೀನು ಕೆಲವು ಸಲ ದೂರ ಓಡಲ್ಲ, ನೇರ ನಿಮ್ಮ ಕಾಲ ಬುಡಕ್ಕೇ ನುಗ್ಗುತ್ತೆ. ಆಗ ದಾರ ಸಡಿಲ ಬಿಟ್ರೆ ಕೊಕ್ಕೆ ಕಳಚುತ್ತೆ. ನಿಧಾನದ ರೀಲ್ ಇದ್ರೆ ಹಿಂದಕ್ಕೆ ಓಡ್ಬೇಕು, ಪಾಚಿ ಹಿಡಿದ ಶೇಲ್ ಕಲ್ಲಿನ ಮೇಲೆ. ಓಡಿ ನೋಡಿದ್ದೀನಿ. ಆ ಫೋಟೋ ಪುಣ್ಯಕ್ಕೆ ಯಾರೂ ತೆಗೀಲಿಲ್ಲ.

6/9
ಬೇರಿಂಗ್ ವಿಷಯ ಬೇಗ ಮುಗಿಸ್ತೀನಿ. ಎಷ್ಟಿದೆ ಅನ್ನೋದಲ್ಲ, ಎಲ್ಲಿದೆ, ಎಂಥದು ಅನ್ನೋದು. ದಾರ ಹಾದುಹೋಗೋ ಪುಟ್ಟ ರೋಲರ್‌ನಲ್ಲಿ ಒಂದು ಒಳ್ಳೇದು, ಮುಖ್ಯ ಗೇರ್ ಹತ್ರ ಒಳ್ಳೇದು. ಹ್ಯಾಂಡಲ್ ಗುಬುಟಿನಲ್ಲಿ ನಾಲ್ಕು ತುರುಕಿ ಎಣಿಕೆ ಏರಿಸಿದ್ರೆ ಮೀನಿಗೇನು ಗೊತ್ತಾಗುತ್ತೆ? ಅಂಗಡಿಯಲ್ಲಿ ಹ್ಯಾಂಡಲ್ ತಿರುಗಿಸಿ "ಆಹಾ" ಅನ್ನೋದು ಕಾರ್ ಶೋರೂಮಲ್ಲಿ ಬಾಗಿಲು ಹಾಕಿ ಸದ್ದು ಕೇಳೋ ಹಾಗೆ. ಬ್ರೇಕ್ ಹೆಂಗಿದೆ ಅಂತ ಅದರಿಂದ ತಿಳಿಯಲ್ಲ.

"ಹಗುರ ಇದ್ದಷ್ಟೂ ಒಳ್ಳೇದು" ಅನ್ನೋದೂ ಇಲ್ಲಿ ಸುಳ್ಳು. 13 ಅಡಿ ಕೋಲಿನ ಬುಡಕ್ಕೆ 180 ಗ್ರಾಮಿನ ರೀಲ್ ಹಾಕಿ ನೋಡಿ, ತುದಿ ನೆಲ ನೋಡುತ್ತೆ, ಸಂಜೆ ಹೊತ್ತಿಗೆ ಮಣಿಕಟ್ಟು ಹೋಗುತ್ತೆ. ಸ್ವಲ್ಪ ತೂಕ ಇದ್ರೇನೇ ತಕ್ಕಡಿ ಸಮ. ದುಬಾರಿ ಕಾರ್ಬನ್ ಬಾಡಿಗೆ ದುಡ್ಡು ಸುರಿಯೋ ಮುಂಚೆ ನಿಮ್ಮ ಕೋಲಿಗೆ ಹಾಕಿ ಬೆರಳ ಮೇಲೆ ನಿಲ್ಲಿಸಿ ನೋಡಿ.

ಆದ್ರೆ ಬೇಲ್ ಬಗ್ಗೆ ಅವಸರ ಮಾಡಲ್ಲ. ಬೇಲ್ ಅಂದ್ರೆ ದಾರವನ್ನ ಹಿಡಿದು ಸ್ಪೂಲಿಗೆ ಸುತ್ತೋ ಆ ಕಂಬಿ. ಬೆಂಡು ಹರಿದು ಹೋಗ್ತಾ ಇರೋ ಅಷ್ಟೂ ಹೊತ್ತು ಇದು ತೆರೆದೇ ಇರುತ್ತೆ. ತೋರುಬೆರಳು ಸ್ಪೂಲಿನ ಅಂಚಿನ ಮೇಲೆ, ದಾರ ಬೆರಳಡಿಯಿಂದ ಒಂದೊಂದೇ ಸುತ್ತು ಕಳಚ್ಕೊಂಡು ಹೋಗ್ತಾ ಇರುತ್ತೆ. ಬೆಂಡು ಮುಳುಗಿದ ತಕ್ಷಣ ಬೆರಳಿಂದ ದಾರ ಅದುಮಿ, ಕೋಲೆತ್ತಿ, ಇನ್ನೊಂದು ಕೈಯಿಂದ ಬೇಲ್ ಮುಚ್ಚಬೇಕು. ಅಂದ್ಮೇಲೆ ನಿಮ್ಮ ಬೆರಳು ಸ್ಪೂಲಿನ ಅಂಚು ಮುಟ್ಟಬೇಕು ತಾನೇ? ಕೆಲವು ರೀಲಿನ ಕಾಲು ಎಷ್ಟು ಉದ್ದ ಅಂದ್ರೆ ನನ್ನ ಬೆರಳು ಎಟಕೋದೇ ಇಲ್ಲ. ಸಣ್ಣ ಕೈಯವರು, ಹುಡುಗಿಯರು ಅಂತ ಬೇರೆ ಹೇಳ್ಬೇಕಿಲ್ಲ, ಇದನ್ನ ಎಲ್ಲರೂ ನೋಡ್ಬೇಕು, ಅದೂ ಕೈಗವಸು ಹಾಕ್ಕೊಂಡು. ಇನ್ನು ಉದ್ದ ಕೋಲು ಬೀಸಿದ ರಭಸಕ್ಕೆ ತಂತಾನೇ ಮುಚ್ಕೊಳ್ಳೋ ಬೇಲ್ ಇದ್ರೆ ಬೆಂಡು, ಕೊಕ್ಕೆ ಎಲ್ಲ ಹರಿದು ಆಚೆ ದಡಕ್ಕೆ ಹೋಗುತ್ತೆ, ದಾರ ನಿಮ್ಮ ಕೈಯಲ್ಲಿ. ತೆರೆದಾಗ ಗಟ್ಟಿಯಾಗಿ ನಿಲ್ಬೇಕು, ಕೈಯಿಂದ ಮುಚ್ಚಿದಾಗ ಟಕ್ ಅಂತ ಕೂರ್ಬೇಕು.

7/9
ಈಗ ಬುದ್ಧಿ ಹೇಳೋ ದೊಡ್ಡವರ ಸರದಿ. "ಸ್ಪಿನ್ನಿಂಗ್ ರೀಲಾ? ಅದು ಮಕ್ಕಳದ್ದು. ಸ್ಟೀಲ್‌ಹೆಡ್‌ಗೆ ಸೆಂಟರ್‌ಪಿನ್ ಬೇಕು." ದಡದಲ್ಲಿ ಹತ್ತು ನಿಮಿಷ ನಿಂತ್ರೆ ಒಬ್ಬರಾದ್ರೂ ಹೇಳ್ತಾರೆ.

ಸೆಂಟರ್‌ಪಿನ್ ಅಂದ್ರೆ ಹಳೇ ಕಾಲದ ರಾಟೆ ಥರ: ಗೇರ್ ಇಲ್ಲ, ಡ್ರ್ಯಾಗ್ ಇಲ್ಲ, ಅಂಗೈಯೇ ಬ್ರೇಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆಯ ಮರದ ರೀಲುಗಳ ವಂಶ. ಬ್ರಿಟಿಷ್ ಕೊಲಂಬಿಯಾ, ಒಂಟಾರಿಯೊದವರು ಅದನ್ನ ಪ್ರಾಣ ಅಂತಾರೆ. ಒಪ್ತೀನಿ, ಉದ್ದಕ್ಕೆ ಬೆಂಡು ಬಿಡೋದಕ್ಕೆ ಅದನ್ನ ಮೀರಿಸೋದಿಲ್ಲ. ನೀರಿನ ಎಳೆತಕ್ಕೇ ತಿರುಗಿ ದಾರ ಬಿಡುತ್ತೆ, ನೋಡೋಕೇ ಚಂದ. ದುಡ್ಡು, ಟೈಮು, ಗುರು ಮೂರೂ ಇದ್ರೆ ಕಲೀರಿ.

ಆದ್ರೆ ನಮ್ಮ ಹೊಳೆಗಳು ಸಣ್ಣವು. ಬೆಂಡು ಹೋಗೋ ದೂರ ಎಷ್ಟೋ ಕಡೆ ಕಾಲೇಜಿನ ಕಾರಿಡಾರಿನಷ್ಟೂ ಇಲ್ಲ. ಅಷ್ಟಕ್ಕೆ ಒಳ್ಳೇ ಸ್ಪಿನ್ನಿಂಗ್ ರೀಲು, ಹುಷಾರಿನ ಬೆರಳು ಸಾಕು. ಮೊದಲ ಚಳಿಗಾಲ ಪೂರ್ತಿ ಸೆಂಟರ್‌ಪಿನ್ ಬೀಸೋಕೆ ಕಲಿಯೋದ್ರಲ್ಲೇ ಕಳೆದು, ಬರಿಗೈಯಲ್ಲಿ ಆಟ ಬಿಟ್ಟ ಒಬ್ಬ ಹುಡುಗನ್ನ ನಾನೇ ನೋಡಿದ್ದೀನಿ. ಅವನಿಗೆ ಆ ಸಲಹೆ ಕೊಟ್ಟೋರು ಈಗ್ಲೂ ದಡದಲ್ಲಿ ಅದನ್ನೇ ಹೇಳ್ತಾ ಇದ್ದಾರೆ. ಅವನಿಲ್ಲ.

ಇದರ ಉಲ್ಟಾ ಪಾರ್ಟಿಯೂ ಇದೆ. "ಮೀನಿಗೋಸ್ಕರ ಅಷ್ಟೆಲ್ಲ ಯಾಕೆ? ಇರೋದ್ರಲ್ಲಿ ಅಗ್ಗದ್ದು ತಗೋ, ಹರಿದ್ರೆ ಹರೀಲಿ." ಇವರ ಜೊತೆ ನನಗೆ ಇನ್ನೂ ದೊಡ್ಡ ಜಗಳ. ಅಗ್ಗದ್ದು ತಗೊಳ್ಳಿ, ನಾನೇನು ಬೇಡ ಅಂದ್ನಾ? ನನ್ನ ಈಗಿನ ರೀಲ್ ಸೆಕೆಂಡ್ ಹ್ಯಾಂಡು, ಆ ಕೈಕೊಟ್ಟ ಹೊಸ ರೀಲಿನ ಅರ್ಧ ಬೆಲೆಯದ್ದು. ಡ್ರ್ಯಾಗ್ ಮಾತ್ರ ಒಂದು ಕೆಜಿ ಒಳಗೆ ಎಳ್ಕೊಂಡು ಬಂದ ಹಾಗೆ ಬಿಟ್ಕೊಳ್ಳುತ್ತೆ. "ಹರಿದ್ರೆ ಹರೀಲಿ" ಅನ್ನೋದು ಬೆಲೆ ಬಗ್ಗೆ ಹೇಳೋ ಮಾತಲ್ಲ, ಹರಿದ ಮೇಲೆ ಆ ಕೊಕ್ಕೆ ಯಾರ ಬಾಯಲ್ಲಿ ಉಳಿಯುತ್ತೆ ಅನ್ನೋದ್ರ ಬಗ್ಗೆ ಹೇಳೋ ಮಾತು.

8/9
ಕಳೆದ ಪೋಸ್ಟಿಗೆ ನಮ್ಮ ಕ್ಲಾಸಿನವಳೇ ಒಬ್ಬಳು ಬರೆದಿದ್ಲು: "ವಾಪಸ್ ಬಿಡೋದಾದ್ರೆ ಹಿಡಿಯೋದ್ಯಾಕೆ? ಹಿಂಸೆ ಅಲ್ವಾ?" ಹನ್ನೆರಡು ಲೈಕ್ ಬಿದ್ದಿತ್ತು. ತಮಾಷೆ ಮಾಡಿ ತೇಲಿಸ್ಬಹುದಿತ್ತು, ಮಾಡಲ್ಲ. ಹೌದೇ, ಮೀನಿಗೆ ಅದು ಆಟ ಅಲ್ಲ. ವರ್ಷಕ್ಕೆ ಒಂದೆರಡು ಮನೆಗೆ ತಂದು ಸಾರು ಮಾಡ್ತೀನಿ, ಬಾಕಿದ್ದು ಬಿಡ್ತೀನಿ. ನಿನ್ನ ಪ್ರಶ್ನೆಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಇಷ್ಟು ಮಾತ್ರ ಹೇಳ್ಬಲ್ಲೆ: ಹಿಡಿಯೋದು ಅಂತ ತೀರ್ಮಾನ ಮಾಡಿದ ಮೇಲೆ ಬೇಗ ದಡಕ್ಕೆ ತರೋದು, ನೀರಲ್ಲೇ ಇಟ್ಟು ಕೊಕ್ಕೆ ತೆಗೆಯೋದು, ಸುಸ್ತಾಗಿ ಸಾಯೋ ಮುಂಚೆ ಬಿಡೋದು ನನ್ನ ಜವಾಬ್ದಾರಿ. ಡ್ರ್ಯಾಗ್ ನಂಬೋಕಾಗ್ದೇ ಇದ್ರೆ ಜನ ಎರಡರಲ್ಲಿ ಒಂದು ಮಾಡ್ತಾರೆ: ಬಿಗಿ ಇಟ್ಟು ಹರ್ಕೊಳ್ತಾರೆ, ಇಲ್ಲಾ ಹೆದರಿ ಸಡಿಲ ಇಟ್ಟು ಮೀನು ಪೂರ್ತಿ ಸೋಲೋ ತನಕ ಆಡಿಸ್ತಾರೆ. ಎರಡೂ ಕೆಟ್ಟದ್ದೇ.

ಇಲ್ಲಿನವು ಸಾಕಿ ಬಿಟ್ಟ ಮೀನು ಅಂತ ಸಮಾಧಾನ ಹೇಳ್ಕೊಳ್ಳೋರಿಗೆ ಒಂದು ಮಾತು. ಸಿಯಾಟಲ್ ಕಡೆ ಕೆಲ್ಸಕ್ಕೆ ಹೋಗೋರು ನಮ್ಮಲ್ಲೇ ಎಷ್ಟು ಜನ ಇದ್ದೀರಿ? ಅಲ್ಲಿನ ಪ್ಯೂಜೆಟ್ ಸೌಂಡ್ ಪ್ರದೇಶದ ಸ್ಟೀಲ್‌ಹೆಡ್ 2007ರಿಂದ ಅಮೆರಿಕದ ಅಪಾಯದಲ್ಲಿರೋ ಜೀವಿಗಳ ಕಾನೂನಿನ ಪಟ್ಟಿಯಲ್ಲಿದೆ. ಅಲ್ಲಿ ಒಂದು ಕಾಡು ಮೀನಿನ ಬಾಯಲ್ಲಿ ಕೊಕ್ಕೆ, ಹಿಂದೆ ಬೆಂಡು ಉಳಿದ್ರೆ ಅದು ಮೊಟ್ಟೆ ಇಡೋ ಜಾಗ ತಲುಪದೇ ಹೋಗ್ಬಹುದು. ಇಲ್ಲಿ ಕಲಿತ ಕೈಯೇ ಅಲ್ಲಿಗೂ ಹೋಗೋದು.

9/9
ಸರಿ, ಪರೀಕ್ಷೆ ಮಾಡೋದು ಹೆಂಗೆ? ಮುಕ್ಕಾಲು ಲೀಟರ್ ನೀರು ತುಂಬಿದ ಬಾಟಲಿ ಸಾಕು. ಮುಕ್ಕಾಲು ಕೆಜಿ, ನಮಗೆ ಬೇಕಾದ ಎಳೆತವೇ ಅದು. ರೀಲಿಗೆ ದಾರ ಹಾಕಿ, ಬೇಲ್ ಮುಚ್ಚಿ, ದಾರದ ತುದಿಗೆ ಬಾಟಲಿ ಕಟ್ಟಿ ಮಂಚದ ಮೇಲೆ ನಿಂತು ತೂಗಾಡ್ಸಿ. ಡ್ರ್ಯಾಗ್ ಮೊದ್ಲು ಬಿಗಿ ಮಾಡಿ, ಆಮೇಲೆ ಕೂದಲೆಳೆಯಷ್ಟೇ ಸಡಿಲ ಮಾಡ್ತಾ ಬನ್ನಿ. ಒಳ್ಳೇ ಡ್ರ್ಯಾಗ್ ಆದ್ರೆ ಬಾಟಲಿ ಬಾವಿಗೆ ಕೊಡ ಇಳಿದ ಹಾಗೆ ಸಮವಾಗಿ ಇಳಿಯುತ್ತೆ. ಕೆಟ್ಟದ್ದಾದ್ರೆ ಅಲ್ಲಾಡಲ್ಲ, ಅಲ್ಲಾಡಲ್ಲ, ಆಮೇಲೆ ಒಮ್ಮೆಲೇ ದಬಕ್! ಇಲ್ಲಾಂದ್ರೆ ಜಗ್ಗಿ ಜಗ್ಗಿ ಇಳಿಯುತ್ತೆ. ನನ್ನ ಆ 13 ಬೇರಿಂಗಿನ ರೀಲ್ ಮಂಚದಿಂದ ಬಾಟಲಿ ಬೀಳಿಸಿ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದ್ರು.

ಇನ್ನೂ ಒಂದು ಸಲ, ಒಂದು ಗಂಟೆ ಫ್ರಿಜ್ಜಲ್ಲಿಟ್ಟು ಮಾಡಿ. ಯಾಕಂದ್ರೆ ಗ್ರೀಸ್ ದಪ್ಪ ಇದ್ರೆ ಚಳಿಗೆ ಗಟ್ಟಿಯಾಗಿ ಕೆಲವು ರೀಲಿನ ಹ್ಯಾಂಡಲ್ ಹಿಂದಕ್ಕೆ ತಿರುಗೋಕೆ ಶುರು ಮಾಡುತ್ತೆ, ಕೋಲೆತ್ತಿದಾಗ ಕೊಕ್ಕೆ ಕೂರೋದೇ ಇಲ್ಲ. ಆನ್‌ಲೈನ್‌ನಲ್ಲಿ ತಗೊಂಡಿದ್ರೆ ವಾಪಸ್ ಮಾಡೋ ದಿನ ಮುಗಿಯೋದ್ರೊಳಗೆ ಮಾಡಿ. ಅಂಗಡಿಯಲ್ಲಾದ್ರೆ ಒಂದು ತುಂಡು ದಾರ ಜೇಬಲ್ಲಿಟ್ಕೊಂಡು ಹೋಗಿ, ಸ್ಪೂಲಿಗೆ ನಾಲ್ಕು ಸುತ್ತು ಹಾಕಿ ನಿಧಾನಕ್ಕೆ ಎಳೀರಿ. ಅಂಗಡಿಯವರು ನಕ್ಕರೆ ನಗಲಿ. ಮತ್ತೆ, ಮನೆಗೆ ಬಂದ ಮೇಲೆ ಪ್ರತಿ ಸಲ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿಡಿ, ಇಲ್ಲಾಂದ್ರೆ ಫೆಲ್ಟ್ ವಾಷರ್ ಅದುಮಿಕೊಂಡು ಒಳ್ಳೇ ರೀಲೂ ಮೊಂಡು ಬೀಳುತ್ತೆ.

ಬ್ರ್ಯಾಂಡ್ ಹೆಸರು ಯಾಕೆ ಹೇಳಲ್ಲ ಅಂದೆ ಅಂತ ಈಗ ಗೊತ್ತಾಯ್ತಲ್ಲ. ನಾನು ಹೆಸರು ಹೇಳಿದ್ರೆ ನೀವು ಬಾಟಲಿ ಕಟ್ಟಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ರಾಕಿ ನದಿ ಹತ್ರ ಇರ್ತೀನಿ. ಕ್ಲೀವ್‌ಲ್ಯಾಂಡ್‌ನವರು ಲೈಸೆನ್ಸ್ ಮಾಡಿಸ್ಕೊಂಡು ಬನ್ನಿ, ಇರೋ ರೀಲನ್ನೇ ತನ್ನಿ. ಬಾಟಲಿ ನಾನು ತರ್ತೀನಿ. ಫ್ಲಾಸ್ಕಲ್ಲಿ ಕಾಫಿ ಯಾರಾದ್ರೂ ತನ್ನಿ ಮಾರಾಯ್ರೆ.

#ಬೆಂಡು #ಗಾಳ #ಸ್ಟೀಲ್‌ಹೆಡ್ #ಎರೀಸರೋವರ #ಬಾಟಲಿಪರೀಕ್ಷೆ